ಖರೀದಿ ಗುಮಾಸ್ತರ ಬಣ್ಣದ ಬಕೀಟು

ಬೆಳಗಿನ ಆರು ಗಂಟೆ. ಬಾಗಲಕೋಟೆ ಸಮೀಪದ ನೂಲಿನ ಗಿರಣಿಯಲ್ಲಿ ಪಾಳಿ ಬದಲಾಗುತ್ತಿದೆ. ಕಚೇರಿ ತೆರೆಯುವುದು ಹತ್ತಕ್ಕೆ. ಆದರೂ ಖರೀದಿ ವಿಭಾಗದ ಗುಮಾಸ್ತ ಬೀರಲಿಂಗಪ್ಪ, ಹಬೆಯಾಡುವ ಕೆಂಪು ಬಣ್ಣ ತುಂಬಿದ ಬಕೀಟು ಹಿಡಿದು, ನೂಲಿನ ಲಡಿ ಸುತ್ತುವ ಹೆಂಗಸರ ನಡುವೆ ನಿಂತಿದ್ದಾರೆ.

“ಏನ್ರಿ ಸಾಹೇಬ್ರ, ಮನ್ಯಾಗ ಚಾ ಕೊಡಂಗಿಲ್ಲೇನು?” ಹಿರಿಯ ಕೆಲಸಗಾರ್ತಿ ಬಾನುಬಿ ಕೆಣಕುತ್ತಾರೆ.

“ಚಾ ಆಗೇತ್ರಿ ಬಾನಕ್ಕ. ನೀವು ಲಡಿ ಕೊಡ್ರಿ.”

ನೂಲುವ ಯಂತ್ರಕ್ಕೆ ಹೊಸ ಎಣ್ಣೆ ಹಾಕಿ ಎಂಟು ದಿನ. ಮಾದರಿಗೆ ತಂದದ್ದು ಒಂದೇ ಡಬ್ಬಿ. ವರ್ಷದ ಎಣ್ಣೆಗೆ ಇಂದು ಮ್ಯಾನೇಜರರ ಸಹಿ ಆಗಬೇಕು. ಆದರೆ ಖರೀದಿಯವರಿಗೆ ಬಣ್ಣದ ಬಕೀಟೇಕೆ? ಗಿರಣಿಯ ಬಗ್ಗೆ ಬರೆಯಲು ಬಂದ ನಾನು ಸಂಕೋಚಪಡುತ್ತಲೇ ಕೇಳುತ್ತೇನೆ. ಅವರು ಕಚೇರಿಯ ಕಿಟಕಿಯಲ್ಲಿ ಕಾಣುವ, ತಮ್ಮ ಮೇಜಿನ ಹಿಂದಿನ ಮೊಳೆ ತೋರಿಸುತ್ತಾರೆ. ಅಲ್ಲೊಂದು ಹಳೆಯ ಲಡಿ ತೂಗುತ್ತಿದೆ. ಕೆಂಪಿನ ನಡುವೆ ಅಲ್ಲಲ್ಲಿ ಬಿಳಿಚಿಕೊಂಡ ತೇಪೆ.

ಗುಡೂರಿನಲ್ಲಿ ಕುರಿ ಕಾಯುತ್ತಲೇ ಮ್ಯಾಟ್ರಿಕ್ ಮುಗಿಸಿದ ಬೀರಲಿಂಗಪ್ಪ ಈ ಕುರ್ಚಿಗೆ ಬಂದು ಹನ್ನೊಂದು ವರ್ಷ. ಬೇಕಾದ ಸಾಮಾನು ಬರೆದ ಚೀಟಿ ದಿನಕ್ಕೆ ಮೂವತ್ತು ಬರುತ್ತವೆ. ನಾಲ್ಕು ವರ್ಷದ ಹಿಂದೆ, 1979ರಲ್ಲಿ ಬಂದ ಒಂದು ಚೀಟಿಯಲ್ಲಿ ‘ಯಂತ್ರದ ಎಣ್ಣೆ’ ಎಂದಷ್ಟೇ ಇತ್ತು.

“ಚೀಟಿ ಪ್ರಕಾರ ತಂದೆ. ಎರಡ ದಿನಾ ಮೊದಲ ತಂದೆ. ಎಲ್ಲಾರೂ ಶಾಭಾಸ್ ಅಂದ್ರು.”

ಆ ಎಣ್ಣೆ ನೂಲಿಗೆ ಸಿಡಿಯುತ್ತಿತ್ತು. ಬಿಳಿ ನೂಲಿನಲ್ಲಿ ಕಲೆ ಯಾರ ಕಣ್ಣಿಗೂ ಬೀಳಲಿಲ್ಲ. ಇಳಕಲ್ಲಿನಲ್ಲಿ ಬಣ್ಣಕ್ಕೆ ಅದ್ದಿದಾಗ ಆ ಜಾಗ ಬಣ್ಣವನ್ನೇ ಹಿಡಿಯಲಿಲ್ಲ. ನೇಕಾರರು ಗಂಟುಗಟ್ಟಲೆ ವಾಪಸು ಕಳಿಸಿದರು. ಕೈ ತೊಳೆಯದೆ ಮುಟ್ಟಿದಿರೆಂದು ಬೈಸಿಕೊಂಡವರು ಲಡಿ ಸುತ್ತಿದ ಹೆಂಗಸರು. ಬಾನುಬಿ ವಾಪಸು ಬಂದ ಒಂದು ಲಡಿ ತಂದು ಬೀರಲಿಂಗಪ್ಪನವರ ಮೇಜಿನ ಮೇಲಿಟ್ಟು ಹೋದರು.

“ಯಾವ ಯಂತ್ರಕ್ಕ ಅಂತ ಒಂದ ಸಲಾ ಇಲ್ಲಿ ಬಂದು ಕೇಳಿದ್ರ ಮುಗೀತಿತ್ರಿ. ಕುರ್ಚಿ ಬಿಟ್ಟು ಏಳಲಿಲ್ಲ ನಾ.”

ತಪ್ಪು ತಮ್ಮದೆಂದು ಬೀರಲಿಂಗಪ್ಪ ಮ್ಯಾನೇಜರರಿಗೆ ಬರೆದುಕೊಟ್ಟರು. ಲಡಿಯನ್ನು ತಾವೇ ಮೊಳೆಗೆ ಹಾಕಿದರು; ತೆಗೆಯುವ ಹಕ್ಕು ಬಾನುಬಿಯದು. ಅಂದಿನಿಂದ ಯಾವ ಸಾಮಾನನ್ನೂ ಬಳಸಿದವರನ್ನು ಕೇಳದೆ ಎರಡನೆಯ ಸಲ ತರಿಸಿಲ್ಲ.

ಈಗ ಬಾನುಬಿ ಈ ಎಂಟು ದಿನದಲ್ಲಿ ನೂತ ಲಡಿಯನ್ನು ಬಕೀಟಿನಲ್ಲಿ ಅದ್ದಿ, ಹಿಂಡಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ನೂಲನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಬೀರಲಿಂಗಪ್ಪನವರ ಕಣ್ಣು ಅವರ ಬೆರಳ ಮೇಲೆಯೇ.

“ಎಲ್ಲಾ ಕಡೀಗೂ ಬಣ್ಣ ಹಿಡದೇತಿ. ತರಸ್ರಿ.”

“ಹಂಗಾದ್ರ ಆ ಹಳೇ ಲಡಿ?” ನಾನೇ ಕೇಳಿಬಿಡುತ್ತೇನೆ.

“ಅದನ್ನ ತಗದ್ರ ಇವ್ರು ನಾಳಿಂದ ಹತ್ತಕ್ಕ ಬರ್ತಾರವ್ವಾ!” ಬಾನುಬಿಯ ಮಾತಿಗೆ ಸಾಲಿಗೆ ಸಾಲೇ ನಗುತ್ತದೆ.

ಬೀರಲಿಂಗಪ್ಪನವರೂ ನಗುತ್ತ ಕೆಂಪಾದ ಬೆರಳು ಒರೆಸಿಕೊಳ್ಳುತ್ತಾರೆ.

“ಇರ್ಲಿ ಬಿಡ್ರಿ. ನಾ ರಿಟೈರ್ ಆಗೂ ದಿನಾ ಬಾನಕ್ಕ ಬಂದು ತಗದ್ರ ಸಾಕು.”