ಟೇಪಿನ ಆ ತುದಿ ಹಿಡಿದವರು

ಗಾಳಿ ಸೋಕಿತು, ಕರೆದಂತಾಯಿತು, ಹಿಂತಿರುಗಿ ನೋಡಿದರೆ ಯಾರೂ ಇಲ್ಲ. ಇಂಥ ಕಥೆ ಶುರುವಾದರೆ ಚಹಾದ ಕಪ್ಪು ಹಿಡಿದುಕೊಂಡು ಎದ್ದುಹೋಗುವವನು ನಾನು. ಹೇಳುವವರಿಗೆ ಬೇಜಾರಾಗುತ್ತಿತ್ತು, ನನಗೆ ನಗು ತಡೆಯಲಾಗುತ್ತಿರಲಿಲ್ಲ. ಈಗ ನೀವೂ ನನ್ನ ಮುಂದಿನಿಂದ ಎದ್ದುಹೋಗಬಹುದು, ತಪ್ಪು ತಿಳಿಯುವುದಿಲ್ಲ.

ರಾಯಚೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮನೆ, ಅಂಗಡಿಗಳ ಮುಂದೆ ಬಿಸಿಲಿಗೆ ಮರೆಯಾಗಿ ಕಬ್ಬಿಣದ ಪೈಪಿನ ಮೇಲೆ ಶೀಟು ಹೊದಿಸಿ ಚಪ್ಪರ ಹಾಕಿಕೊಡುತ್ತೇನೆ. ನಮ್ಮ ಬಿಸಿಲಿನ ಪುಣ್ಯ, ಕೆಲಸಕ್ಕೆ ಬರವಿಲ್ಲ. ಅಳತೆಗೆ ಮಾತ್ರ ಮಧ್ಯಾಹ್ನ ಇಳಿದ ಮೇಲೆಯೇ ಹೋಗುತ್ತೇನೆ. ಬಿಸಿಲು ಎಲ್ಲಿಯತನಕ ನುಗ್ಗುತ್ತದೆ ಎಂದು ಕಣ್ಣಾರೆ ನೋಡದೆ ಟೇಪು ಬಿಚ್ಚಿ ಪ್ರಯೋಜನವಿಲ್ಲ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಪೋತ್ನಾಳದಿಂದ ಗೌರಮ್ಮ ಎಂಬುವವರು ಫೋನ್ ಮಾಡಿದ್ದರು. "ನಮ್ಮ ಮನಿಯವರು ದವಾಖಾನಿಂದ ಬರೂದ್ರಾಗ ಮನಿ ಮುಂದಿನ ಕಟ್ಟಿ ಮ್ಯಾಲ ನೆರಳ ಆಗಬೇಕ್ರಿ" ಎಂದರು. ಗಂಡ ಬಸಣ್ಣ ರಾಯಚೂರಿನಲ್ಲಿ ದಾಖಲಾಗಿದ್ದರಂತೆ. ನೆರಳು ಸಿದ್ಧವಾದರೆ ಗಂಡ ಬಂದೇ ಬರುತ್ತಾರೆ ಎಂದು ಆಕೆ ನಂಬಿದಂತಿತ್ತು. ಬಂದರೆ ಬರುತ್ತಾರೆ, ನನಗೇನು ಎಂದುಕೊಂಡು ಬೈಕ್ ಹತ್ತಿದೆ.

ನನ್ನ ಜೊತೆ ಟೇಪು ಹಿಡಿಯುವ ವೆಲ್ಡರ್ ಅಂದು ಮದುವೆಗೆಂದು ದೇವದುರ್ಗಕ್ಕೆ ಹೋಗಿದ್ದ. ಗೌರಮ್ಮ ನೀರು ಕೊಟ್ಟು ಚಹಾಕ್ಕಿಡಲು ಒಳಗೆ ಹೋದರು. ಕಟ್ಟೆಯ ಆ ತುದಿಯಲ್ಲಿ ಒಬ್ಬರು ಹೆಗಲಿಗೆ ಟವೆಲ್ ಹಾಕಿಕೊಂಡು, ಕಾಲು ಇಳಿಬಿಟ್ಟು ಕುಳಿತಿದ್ದರು. ಕಟ್ಟೆಯ ಮೇಲೆ ಕುಳಿತವರನ್ನು ನೀವ್ಯಾರು ಎಂದು ಕೇಳುವ ರೂಢಿ ನಮ್ಮ ಕಡೆ ಇಲ್ಲ. ಕುಳಿತವರೆಲ್ಲ ಮನೆಯವರೇ. ನಾನೂ ಕೇಳಲಿಲ್ಲ. "ಸ್ವಲ್ಪ ಹಿಡೀರಿ ಯಜಮಾನ್ರ" ಎಂದು ಟೇಪಿನ ತುದಿ ಚಾಚಿದೆ. ಹಿಡಿದರು. ಟೇಪು ಬಿಗಿಯಾಯಿತು, ಅಳತೆ ಸಿಕ್ಕಿತು.

"ಇನ್ನೊಂದು ಗೇಣ ಮುಂದ ತರ್ರಿ. ಸಂಜಿ ಬಿಸಲು ದಿನಾ ನನ್ನ ಕಾಲಿಗಿ ಸಲಾಂ ಹೊಡೀಲಿಕ್ಕ ಬರ್ತದ" ಎಂದು ಹೇಳಿ ಅವರೇ ನಕ್ಕರು. ನಾನೂ ನಕ್ಕೆ.

ಒಳಗೆ ಹೋಗಿ ಗೌರಮ್ಮನಿಗೆ ಹೇಳಿದೆ, "ಹೊರಗಿನ ಯಜಮಾನ್ರು ಇನ್ನೊಂದು ಗೇಣ ಅನ್ನಾಕತ್ತಾರ್ರಿ. ಬಿಸಲು ಅವರ ಕಾಲಿಗಿ ಸಲಾಂ ಹೊಡೀತದಂತ, ಹೇಳಿ ನಕ್ಕರ್ರಿ."

ಆಕೆ ಒಲೆಯ ಮುಂದೆ ಹಾಗೇ ನಿಂತರು. "ಅದು ನಮ್ಮ ಮನಿಯವರ ಮಾತ್ರಿ. ಅವರಿಗಿ ಲಕ್ವಾ ಹೊಡದು ಬಾಯಿ ಬಿದ್ದು ಮಾತ ನಿಂತದ. ಹೊರಗ ಯಾರು ಅದಾರ?"

ಇಬ್ಬರೂ ಹೊರಗೆ ಬಂದೆವು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಚಹಾ ಉಕ್ಕಿ ಒಲೆ ಆರಿದ ವಾಸನೆ ಬಂತು.

ದಾರಿಯುದ್ದಕ್ಕೂ ನಾನೇ ಸಮಾಧಾನ ಹುಡುಕಿಕೊಂಡೆ. ಊರವರು ಯಾರೋ ಬಸಣ್ಣನ ಚೇಷ್ಟೆಯ ಮಾತನ್ನು ಅವರಂತೆಯೇ ಆಡಿ ಹೋಗಿರಬೇಕು. ಇಲ್ಲವೇ ಬಿಸಿಲು ನನ್ನ ತಲೆಗೇರಿರಬೇಕು. ಆದರೂ ಪೈಪು ಕತ್ತರಿಸುವಾಗ ಆ ಒಂದು ಗೇಣನ್ನು ಸೇರಿಸಿಯೇ ಕತ್ತರಿಸಿದೆ.

ಚಪ್ಪರ ಕೂಡಿಸಲು ಹೋದ ದಿನ ಬಸಣ್ಣ ಮನೆಗೆ ಬಂದಿದ್ದರು. ಕಟ್ಟೆಯ ಮೇಲೆ ದಿಂಬಿಗೆ ಒರಗಿಸಿ ಕೂಡಿಸಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ಆದರೆ ಮುಖ ಅದೇ, ಟೇಪು ಹಿಡಿದವರದೇ. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಅವರೋ ನನ್ನನ್ನು ಹೊಸಬನನ್ನು ನೋಡಿದಂತೆ ನೋಡಿದರು.

ಕೆಲಸ ಮುಗಿಸಿ ಹೊರಟಾಗ ಗೌರಮ್ಮ ಬೈಕಿನ ತನಕ ಬಂದರು. ಅದು ಯಾರು, ಹೇಗೆ ಎಂದು ಆಕೆ ಕೇಳಲೇ ಇಲ್ಲ. "ಯಣ್ಣಾ, ಅವತ್ತ ಅವರ ದನಿ ಹೆಂಗಿತ್ರಿ? ಗಟ್ಟಿ ಇತ್ತೇನು?" ಎಂದರು.

"ಗಟ್ಟಿ ಇತ್ರಿ."

"ನಕ್ಕರಂದ್ರಲ್ಲ, ಜೋರಾಗಿ ನಕ್ಕರೇನು?"

ಹೌದೆಂದೆ. ಅದು ಏನು, ನಾನು ಕೇಳಿದ್ದು ಯಾರ ದನಿ ಎಂದು ಇವತ್ತಿಗೂ ನನಗೆ ತಿಳಿಯದು. ಮಾನ್ವಿ ಕಡೆ ಕೆಲಸವಿದ್ದಾಗ ಪೋತ್ನಾಳದ ತನಕ ಹೋಗಿಬರುತ್ತೇನೆ. ಬಸಣ್ಣನಿಗೆ ಮಾತು ಮರಳಿಲ್ಲ. ಗೌರಮ್ಮ ಕೈ ಮಾಡಿ ನಿಲ್ಲಿಸುತ್ತಾರೆ, ಚಹಾ ಕೊಡುತ್ತಾರೆ, ಗಂಡ ಹೇಗೆ ನಕ್ಕರೆಂದು ಮತ್ತೆ ಕೇಳುತ್ತಾರೆ. ನಾನು ಹೇಳುತ್ತೇನೆ.