ಹೋದ ಪುಸ್ತಕಗಳ ಕುಸ್ತಿ ಮೈದಾನ

ಚನ್ನಪ್ಪಣ್ಣನ ಎರಡೂ ಕಿವಿಗಳು ಕರಿದ ಹಪ್ಪಳದಂತೆ ಮುದುಡಿಕೊಂಡಿದ್ದವು. ಹರೆಯದಲ್ಲಿ ಕೊಲ್ಲಾಪುರದ ತಾಲೀಮು ಅನ್ನುವ ಗರಡಿಯೊಂದರಲ್ಲಿ ಕುಸ್ತಿ ಆಡಿದ ಗುರುತು ಅದು. ಅಂಥ ಕಿವಿಗಳ ಮನುಷ್ಯ ಇಚಲಕರಂಜಿಯ ನಮ್ಮ ಕನ್ನಡ ವಾಚನಾಲಯದ ಕಟ್ಟೆಯ ಮೇಲೆ ಕುಳಿತು, ಅಲೆಕ್ಸಾಂಡ್ರಿಯಾದ ಗ್ರಂಥಾಲಯ ಹೇಗೆ ಹಾಳಾಯಿತೆಂದು ಹೇಳತೊಡಗಿದರೆ ದಾರಿಹೋಕರು ಗಾಡಿ ನಿಲ್ಲಿಸುತ್ತಿದ್ದರು. ನನ್ನ ಮಾತಿಗೆ ಒಂದು ನಾಯಿಯೂ ನಿಂತದ್ದಿಲ್ಲ.

ನಾನು ಮಗ್ಗದ ಕಾರಖಾನೆಯಲ್ಲಿ ಲೆಕ್ಕ ಬರೆಯುವ ದಿವಾಣಜಿ. ಸಂಜೆ ವಾಚನಾಲಯದ ಬಾಗಿಲು ತೆಗೆಯುವುದು, ಪುಸ್ತಕಗಳಿಗೆ ರಟ್ಟು ಕಟ್ಟುವುದು, ಗೆದ್ದಲಿಗೆ ಔಷಧ ಹೊಡೆಯುವುದು ಎಲ್ಲ ನನ್ನದೇ ಪಾಲು. ಚನ್ನಪ್ಪಣ್ಣನದು ಗಡಹಿಂಗ್ಲಜದಲ್ಲಿ ಬೆಲ್ಲದ ಅಡತಿ ಅಂಗಡಿ. ರಜೆಯ ದಿನ ಇಲ್ಲಿನ ತಂಗಿಯ ಮನೆಗೆ ಬಂದವನು ಊಟ ಮುಗಿದದ್ದೇ ತಡ, ನಮ್ಮ ಕಟ್ಟೆಗೆ ಹಾಜರು. ಪ್ರಪಂಚದಲ್ಲಿ ಸುಟ್ಟುಹೋದ, ಮುಳುಗಿಹೋದ ಗ್ರಂಥಾಲಯಗಳ ಬಗೆಗಿನ ಪುಸ್ತಕಗಳನ್ನು ಹುಡುಕಿ ತರಿಸಿ ಅವನ ಕೈಗೆ ಕೊಟ್ಟವನು ನಾನು. ಅವನಿಗಿಂತ ಮೊದಲು ಓದಿದವನೂ ನಾನೇ. ಆದರೆ ನಾನು ಹೇಳಿದರೆ ಪಾಠ, ಅವನು ಹೇಳಿದರೆ ಕುಸ್ತಿ.

ಅವನು ಒಂದು ಗ್ರಂಥಾಲಯಕ್ಕೆ ಇನ್ನೊಂದನ್ನು ಜೋಡಿ ಹಚ್ಚುತ್ತಿದ್ದ. ಯಾವುದರ ನಾಶ ದೊಡ್ಡದೋ ಅದೇ ಗೆದ್ದ ಪೈಲವಾನ.

“ಇವತ್ತ ಜೋಡಿ ಭಾರಿ ಐತ್ರಿ! ಈ ಕಡೆ ಅಲೆಕ್ಸಾಂಡ್ರಿಯಾ, ಆ ಕಡೆ ನಾಲಂದಾ. ಅಲೆಕ್ಸಾಂಡ್ರಿಯಾಂದು ಹೆಸರು ಭಾಳ ದೊಡ್ಡದು. ಆದ್ರ ಅದೇನ ಒಂದ ದಿವಸದಾಗ ಬಿದ್ದಿಲ್ಲ. ಒಂದೀಟು ಬೆಂಕಿಗಿ ಹೋತು, ಒಂದೀಟು ಜಗಳಕ್ಕ ಹೋತು, ಉಳದದ್ದು ಯಾರೂ ನೋಡಕೊಳ್ಳಲಾರದ್ದಕ್ಕ ಹೋತು. ಹಾಸಿಗಿ ಹಿಡದ ಸತ್ತ ಪೈಲವಾನ ಅದು. ನಾಲಂದಾ ನಿಂತ ನಿಂತಲ್ಲೇ ಉರೀತು. ನಾಲಂದಾಂದ ಮ್ಯಾಲ!”

ಮಗ್ಗದ ಮಂದಿ ಸಿಳ್ಳೆ ಹಾಕುತ್ತಿದ್ದರು. ಬಗದಾದಿನ ಸರದಿ ಬಂದ ದಿನ, ಪುಸ್ತಕ ಚೆಲ್ಲಿದ ಹೊಳೆಯ ನೀರು ಶಾಯಿಯಿಂದ ಕಪ್ಪಾಗಿತ್ತಂತೆ ಎಂದು ದನಿ ಇಳಿಸಿ ಹೇಳಿದ. ಭಾಜಿ ಮಾರಲು ಬಂದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಪುಸ್ತಕ ಜೋಡಿಸುತ್ತಿದ್ದ ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಆ ಹೊಳೆಯ ಮಾತು ಅವನಿಗೆ ಹೇಳಿಕೊಟ್ಟವನು ನಾನಲ್ಲವೇ?

ತೀರ್ಪಿಗೆ ಅವನದು ಒಂದೇ ಅಳತೆ. “ಮತ್ತ ಸಿಗೂವಂಥಾದ್ದು ಹೋದ್ರ ಅದು ನುಕ್ಸಾನ. ಮತ್ತ ಸಿಗಲಾರದ್ದು ಹೋದ್ರ ಅದು ಸೋಲು.”

ನಮ್ಮ ವಾಚನಾಲಯದಲ್ಲಿ ಇನ್ನೊಂದು ಪೀಡೆ ಇತ್ತು. ಕರೆಂಟು ಹೋಗಿ ಮಗ್ಗ ನಿಂತರೆ ಮಂದಿ ಇಲ್ಲಿ ಬಂದು ಓದುತ್ತಿದ್ದರು, ಓದುತ್ತ ಪುಟದ ಅಂಚಿಗೆ ಬರೆಯುತ್ತಿದ್ದರು. ‘ಈ ಹುಡುಗಿ ಅವನ ಕೂಡ ಹೋಗಬಾರದಿತ್ತು’ ಎಂದು ಒಬ್ಬ ಬರೆದರೆ, ಕೆಳಗೆ ಇನ್ನೊಬ್ಬಳು ‘ಹೋಗಿದ್ದ ಚಲೋ ಆತು, ನಿನಗೇನ ಗೊತ್ತು’ ಎಂದು ಬರೆದಿರುತ್ತಿದ್ದಳು. ‘ಕರೆಂಟ ಬಂತು, ಉಳದದ್ದು ನಾಳೆ’ ಎಂಬುದಂತೂ ಪುಸ್ತಕ ಪುಸ್ತಕದಲ್ಲೂ ಇತ್ತು. ‘ಪುಸ್ತಕದಲ್ಲಿ ಬರೆಯಬಾರದು’ ಎಂದು ನಾನು ಫಲಕ ತೂಗುಹಾಕಿದ್ದೆ. ಚನ್ನಪ್ಪಣ್ಣ ಅದೇ ಫಲಕದ ಕೆಳಗೆ ಕುಳಿತು ಆ ಬರಹಗಳನ್ನು ದೊಡ್ಡದಾಗಿ ಓದಿ ನಗಿಸುತ್ತಿದ್ದ.

ಮುಂದೆ ಒಂದು ಮಳೆಗಾಲ ಪಂಚಗಂಗೆ ಏರಿ ಓಣಿಗೆ ನುಗ್ಗಿತು. ನೀರು ಇಳಿದ ಮೇಲೆ ಬಾಗಿಲು ಒದ್ದು ಒಳಗೆ ಹೋದೆ. ಪುಸ್ತಕಗಳು ನೀರು ಕುಡಿದು ಉಬ್ಬಿ ಕಪಾಟಿನಲ್ಲಿ ಸಿಕ್ಕಿಕೊಂಡಿದ್ದವು, ಒಂದನ್ನೂ ಎಳೆಯಲಾಗಲಿಲ್ಲ. ಕಪಾಟುಗಳನ್ನೇ ಒಡೆದೆವು. ಸುದ್ದಿ ಕೇಳಿ ಗಡಹಿಂಗ್ಲಜದಿಂದ ಚನ್ನಪ್ಪಣ್ಣ ಬಂದ. ಮಂದಿ ನನ್ನನ್ನು ದಾಟಿಕೊಂಡು ಹೋಗಿ ಅವನ ಕೈ ಹಿಡಿದರು: “ಅಣ್ಣಾರ, ಭಾಳ ಕೆಟ್ಟ ಆತ್ರಿ. ನಿಮ್ಮ ಜೀವಕ್ಕ ಹೆಂಗ ಆಗಿರಬೇಕು!” ಮೊಣಕಾಲುಮಟ ಕೆಸರಿನಲ್ಲಿ ನಿಂತಿದ್ದ ನನಗೆ ಒಬ್ಬರೂ ಏನೂ ಅನ್ನಲಿಲ್ಲ. ನನ್ನ ಸಂಕಟವನ್ನೂ ಅವನೇ ಹೊಡೆದುಕೊಂಡ.

ಕಾರಖಾನೆಯ ಮಾಳಿಗೆಯ ಮೇಲೆ ಪುಸ್ತಕ ಹರವಿ ಒಣಗಿಸುವಾಗ ನಾವಿಬ್ಬರೇ ಇದ್ದೆವು. ಅಂಚಿನ ಬರಹಗಳೆಲ್ಲ ಕಲಸಿ ನೀಲಿ ಕಲೆಗಳಾಗಿದ್ದವು. ಅವನು ಒಂದೊಂದೇ ಹಾಳೆ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ನನಗೆ ಬೇಕಾಗಿದ್ದದ್ದು ಒಂದೇ: ಅವನ ಮೈದಾನದಲ್ಲಿ ನಮ್ಮ ವಾಚನಾಲಯಕ್ಕೂ ಒಂದು ಜಾಗ. ನಾಲಂದಾದ ಪಕ್ಕ ಬೇಡ, ಎಲ್ಲಾದರೂ ನಡುವೆ.

“ಅಣ್ಣಾ, ನಮ್ಮದನ್ನ ಎಲ್ಲಿ ಇಡತಿ?” ಎಂದೆ.

ಅವನು ತಲೆ ಎತ್ತಲಿಲ್ಲ. “ಇದನ್ನ ಕಡೀಕ ಇಡಬೇಕೋ ತಮ್ಮಾ,” ಎಂದ.

ಕಡೆಗೆ! ಹೆಸರೇ ಕೇಳದ ಊರುಗಳ ಕಾಗದಪತ್ರಗಳಿಗೆಲ್ಲ ಮೇಲಿನ ಸ್ಥಾನ ಕೊಟ್ಟವನು ನನ್ನ ಪುಸ್ತಕಗಳನ್ನು ಎಲ್ಲರ ಹಿಂದೆ ನಿಲ್ಲಿಸಿದ. ಬಾಯಿ ಬಿಟ್ಟು ಮತ್ತೆ ಕೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಆಮೇಲೂ ಅವನು ಬರುತ್ತಿದ್ದ, ಹೊಸ ಕಪಾಟಿಗೆ ದುಡ್ಡೂ ಕೊಟ್ಟ, ನಾನು ಚಹಾ ಹೇಳುತ್ತಿದ್ದೆ. ಆದರೆ ನಾಲಂದಾ, ಬಗದಾದು ಎಂದು ಅವನು ಶುರುಮಾಡಿದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಹೋದ ಚಳಿಗಾಲ ಚನ್ನಪ್ಪಣ್ಣ ತೀರಿಕೊಂಡ. ಗಡಹಿಂಗ್ಲಜಕ್ಕೆ ಮಣ್ಣಿಗೆ ಹೋದೆ. ಕೊಲ್ಲಾಪುರದಿಂದ ಅವನ ತಾಲೀಮಿನ ಗೆಳೆಯರು ಬಂದಿದ್ದರು, ಎಲ್ಲರವೂ ಮುದುಡಿದ ಕಿವಿಗಳೇ. ಅವರಲ್ಲೊಬ್ಬ ಮುದುಕ ನನ್ನ ಊರು ಕೇಳಿದವನೇ ಕೈ ಹಿಡಿದುಕೊಂಡ. “ತೆ ವಾಚನಾಲಯವಾಲೆ ತುಮ್ಹೀಚ ಕಾ?”

ಹೌದು, ಆ ವಾಚನಾಲಯದವನು ನಾನೇ ಎಂದೆ.

“ಅಣ್ಣಾನ ಮೈದಾನದಾಗ ಕಡೀ ಕುಸ್ತಿ ನಿಮ್ಮದ ಅಲ್ಲೇನ್ರಿ!” ಎಂದು ಮುದುಕ ಮರಾಠಿ ಬಿಟ್ಟು ಕನ್ನಡದಲ್ಲಿ ಅಂದ.

“ಹೌದ್ರಿ, ನಮ್ಮನ್ನ ಕಡೀಕ ಹಾಕಿದ್ದ,” ಎಂದೆ. ನನ್ನ ದನಿಯಲ್ಲಿದ್ದ ಕಹಿ ಅವನಿಗೆ ತಿಳಿದಿರಬೇಕು, ಮುಖ ನೋಡಿದ.

“ನೀವು ಕುಸ್ತಿ ನೋಡಿಲ್ಲೇನ್ರಿ? ಮೈದಾನದಾಗ ಮೊದಲ ಸಣ್ಣ ಹುಡುಗೂರನ್ನ ಬಿಡತಾರ. ನಂಬರ ಒಂದ ಕುಸ್ತಿ ಯಾವತ್ತೂ ಕಡೀಕ. ಅದನ್ನ ನೋಡಾಕಂತನ ಮಂದಿ ಕುಂತಿರತಾರ. ನಾಲಂದಾದಾಗ ಪಂಡಿತರು ಬರದದ್ದರಾಗ ಒಂದೀಟರ ಚೀನಾದವರು ನಕಲ ಮಾಡಿ ಒಯ್ದಿದ್ರು, ಇಚಲಕರಂಜ್ಯಾಗ ಮಗ್ಗದ ಮಂದಿ ಬರದದ್ದರ ನಕಲ ಎಲ್ಲೈತಿ ಅಂತಿದ್ದ ಅಣ್ಣಾ. ಹೇಳತ ಹೇಳತ ಅಳತಿದ್ದ.”

ಸುತ್ತ ಇದ್ದವರು ಹೌದೌದೆಂದು ತಲೆ ಅಲ್ಲಾಡಿಸಿದರು. ಅವರಿಗೆಲ್ಲ ಗೊತ್ತಿತ್ತು. ಕೊಲ್ಲಾಪುರದ ತಾಲೀಮಿಗೆ ಗೊತ್ತಿತ್ತು, ಗಡಹಿಂಗ್ಲಜದ ಬೆಲ್ಲದ ಪೇಟೆಗೆ ಗೊತ್ತಿತ್ತು. ಬಿಲ್ವಪತ್ರೆ ಹಾಕಿ, ಹಿಡಿ ಮಣ್ಣು ಹಿಡಿದು ಕುಣಿಯ ಬದಿಗೆ ಸರದಿಯಲ್ಲಿ ನಿಂತಾಗ ನನಗೆ ಮುಂದಿದ್ದವರ ಮೇಲೂ ಹಿಂದಿದ್ದವರ ಮೇಲೂ ಹೊಟ್ಟೆ ಉರಿಯಿತು. ಆ ಮಾತನ್ನು ಅವರೆಲ್ಲ ಅವನ ಬಾಯಿಂದಲೇ ಕೇಳಿದ್ದರು.