ಮೂರನೇ ರಿಂಗು

ನಮ್ಮ ಮನೆಯವರು ಪೈಲಟ್ ಅಂತ ಗೊತ್ತಾದ ಕೂಡಲೇ ಜನ ನನ್ನ ಮುಖವನ್ನು ಇನ್ನೊಮ್ಮೆ ನೋಡುತ್ತಿದ್ದರು. ಪೈಲಟ್‌ನ ಹೆಂಡತಿ ಶಿರಸಿಯ ಬಾಡಿಗೆ ಮನೆಯಲ್ಲಿ, ಸಂತೆಯಿಂದ ಬಸಳೆ ಕಟ್ಟು ಹಿಡಿದುಕೊಂಡು ಬರುತ್ತಾ ಏನು ಮಾಡುತ್ತಿದ್ದಾಳೆ ಎಂಬ ಅನುಮಾನ. ಅವರದು ತಪ್ಪಲ್ಲ ಬಿಡಿ. ಆ ಅನುಮಾನ ನನಗೂ ಆಗಾಗ ಬರುತ್ತಿತ್ತು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಇವರು ಕೊಲ್ಲಿ ದೇಶವೊಂದರ ವಿಮಾನ ಕಂಪನಿಯಲ್ಲಿದ್ದರು. ಜೊತೆಯವರೆಲ್ಲ ಹೆಂಡತಿ ಮಕ್ಕಳನ್ನು ಅಲ್ಲಿಗೇ ಕರೆಸಿಕೊಂಡಿದ್ದರು. ನಾನು ಶಿರಸಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಆ ಕೆಲಸ ಬಿಡುವ ಮನಸ್ಸು ನನಗಿರಲಿಲ್ಲ. ಇವರಿಗೂ ಅಲ್ಲಿ ಸಂಸಾರ ಹೂಡುವ ಆಸೆಯಿರಲಿಲ್ಲ. ಹಾಗಾಗಿ ಮನೆ ಶಿರಸಿಯಲ್ಲಿ, ಕೆಲಸ ಸಮುದ್ರದಾಚೆ. ಸಿದ್ದಾಪುರದವರು ದಿನಾ ಬಸ್ಸಿನಲ್ಲಿ ಶಿರಸಿಗೆ ಬಂದು ಕೆಲಸ ಮಾಡಿ ಹೋಗುವಂತೆ ಇವರು ಬೇರೆ ದೇಶಕ್ಕೆ ಹೋಗಿ ಬರುತ್ತಿದ್ದರು. ನಾಲ್ಕಾರು ದಿನ ಬಿಡುವು ಸಿಕ್ಕಿದರೆ ಸಾಕು, ಮುಂಬೈಗೆ ಹಾರಿ, ಅಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿ, ಆಮೇಲೆ ಯಲ್ಲಾಪುರದ ಮೇಲೆ ಶಿರಸಿ. ಕಂಪನಿಯ ಟೋಪಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಬಸ್ಸಿನಲ್ಲಿ ಅದನ್ನು ಹಾಕಿಕೊಂಡರೆ ಕಂಡಕ್ಟರೇ ಎದ್ದು ನಿಲ್ಲುತ್ತಾನೆ ಎಂದು ನಾನು ಕಾಡಿಸುತ್ತಿದ್ದೆ.

ಇದರಲ್ಲೊಂದು ವಿಚಿತ್ರವಿತ್ತು. ಅಷ್ಟು ದೊಡ್ಡ ವಿಮಾನ ಹಾರಿಸುವವರಿಗೆ ಅದೇ ವಿಮಾನದಲ್ಲಿ ಮನೆಗೆ ಬರಲು ಸೀಟಿನ ಖಾತ್ರಿ ಇರುತ್ತಿರಲಿಲ್ಲ. ನೌಕರರ ಟಿಕೆಟು ಅಂದರೆ ಎಲ್ಲರೂ ಹತ್ತಿ ಕೂತ ಮೇಲೆ ಜಾಗ ಉಳಿದರೆ ಮಾತ್ರ. ಇಲ್ಲದಿದ್ದರೆ ಚೀಲ ಹಿಡಿದುಕೊಂಡು ಮುಂದಿನ ವಿಮಾನಕ್ಕೆ ಕಾಯಬೇಕು. ಮನೆಯಲ್ಲಿ ನನ್ನ ಜೊತೆಗಿದ್ದ ಅತ್ತೆಗೆ ಇದನ್ನು ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

"ಗಾಡಿ ಹೊಡೆಯವನೇ ಗಾಡಿ ಹಿಂದೆ ನಡಕಂಡು ಬಪ್ಪದಾ? ಎಂತಾ ಕಂಪನಿ ಅದು!" ಎನ್ನುತ್ತಿದ್ದರು.

ಅತ್ತೆಯ ತವರು ನಿಲ್ಕುಂದದ ಕಡೆ. ಮಗ ಹೊರಡುವಾಗ ಯಾವ ಊರಿಗೆ ಹಾರುತ್ತೀ ಎಂದು ಒಮ್ಮೆಯೂ ಕೇಳಿದವರಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ. "ದೂರವಾ ತಮಾ?" ಎನ್ನುವರು. "ದೂರವೇ ಆಯಿ" ಎಂದು ಇವರು. ಅಷ್ಟೇ.

ಶಿರಸಿಯಲ್ಲಿ ನಮ್ಮಂಥವರ ಕೈಗೆ ಮೊಬೈಲ್ ಇನ್ನೂ ಬಂದಿರಲಿಲ್ಲ. ನಡುಮನೆಯ ಮೂಲೆಯಲ್ಲಿ, ಕ್ರೋಶಾ ಬಟ್ಟೆ ಹೊದ್ದುಕೊಂಡ ಒಂದು ಫೋನು. ಸೀಟು ಸಿಕ್ಕಿದ ಮೇಲೆ ವಿಮಾನದ ಬಾಗಿಲು ಹಾಕುವುದರೊಳಗೆ ಓಡಿಹೋಗಿ ಕೂರಬೇಕು, ಮಾತಾಡಲು ಎಲ್ಲಿದೆ ಹೊತ್ತು? ಅದಕ್ಕೇ ನಾವೊಂದು ಗುರುತು ಮಾಡಿಕೊಂಡಿದ್ದೆವು. ಎರಡು ರಿಂಗ್ ಆಗಿ ನಿಂತರೆ ಸೀಟು ಸಿಕ್ಕಿದೆ, ಬರುತ್ತಿದ್ದಾರೆ ಎಂದು ಅರ್ಥ. ಮೂರನೆಯದೂ ಬಾರಿಸಿತೋ, ಸೀಟಿಲ್ಲ, ಫೋನು ಎತ್ತಿ ಮಾತಾಡಬೇಕು.

ಎಲ್ಲ ಸರಿ, ಆದರೆ ನಮ್ಮ ಅತ್ತೆ? ರಿಂಗಾಗುವ ಫೋನನ್ನು ಎತ್ತದೆ ಕೂರುವುದು ಅವರಿಂದ ಸಾಧ್ಯವೇ ಇರಲಿಲ್ಲ. ಅವರ ಲೆಕ್ಕದಲ್ಲಿ ಫೋನು ಬಾರಿಸಿತೆಂದರೆ ಬಾಗಿಲಿಗೆ ಯಾರೋ ಬಂದು ನಿಂತಿದ್ದಾರೆ. ಬಂದವರನ್ನು ಒಳಗೆ ಕರೆದು, ಆಸ್ರಿಗೆ ಎಂತ ಬೇಕು ಎಂದು ಕೇಳಿ, ಕುಡಿಯಲು ಏನಾದರೂ ಕೊಡಬೇಕು. ಮೊದಲನೇ ಸಲವೇ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಓಡಿಬಂದು, ಮೊದಲ ರಿಂಗಿಗೇ ಎತ್ತಿ, "ಯಾರು? ಬನ್ನಿ, ಒಳಗೆ ಬನ್ನಿ" ಎಂದುಬಿಟ್ಟರು! ಆ ಕಡೆ ಲೈನು ಕಡಿಯಿತು. ಇವರಿಗೆ ಸೀಟು ಸಿಕ್ಕಿತೋ ಇಲ್ಲವೋ, ದೇವರಿಗೇ ಗೊತ್ತು. ಇಲ್ಲ ಅಂದುಕೊಂಡು ನಾನು ಮಾರನೇ ದಿನ ಇಬ್ಬರಿಗೇ ಅನ್ನ ಮಾಡಿದೆ. ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಇವರು ಬಾಗಿಲಲ್ಲಿ ನಗುತ್ತಾ ನಿಂತಿದ್ದರು. ಅತ್ತೆ ತಮಗೆ ಬಡಿಸಿದ್ದ ಬಾಳೆಲೆಯನ್ನು ಮಗನ ಮುಂದೆ ಸರಿಸಿ, ತಾವು ಅವಲಕ್ಕಿ ಮೊಸರು ಕಲಸಿಕೊಂಡರು.

ಅಂದಿನಿಂದ ಅತ್ತೆಗೆ ಫೋನು ಮುಟ್ಟಕೂಡದು ಎಂಬ ಕಟ್ಟಪ್ಪಣೆ. ಪಾಪ, ರಿಂಗಾದರೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಫೋನನ್ನೇ ದಿಟ್ಟಿಸುತ್ತಾ ಕೂರುತ್ತಿದ್ದರು.

"ಯಾರೋ ಬಾಗ್ಲಲ್ಲಿ ನಿತ್ಗಂಡು ಕರೀತಾ ಇದ್ದ. ಒಳಗೆ ಲೆಕ್ಕ ಮಾಡ್ತಾ ಕೂಪದು ಎಂತಾ ಮರ್ಯಾದೆ ಕೂಸೆ?" ಎಂದು ನನ್ನನ್ನು ಬೈಯುತ್ತಿದ್ದರು.

ಈಗ ನೆನೆದರೆ ಎಂಥ ಸುಖದ ದಿನಗಳು ಅನಿಸುತ್ತದೆ. ಒಂದು, ಎರಡು, ಆಮೇಲೆ ಆ ಮೌನ! ಅತ್ತೆ "ಬಂದ!" ಎಂದು ಕೂಗಿ ಅಡುಗೆಮನೆಗೆ ಹೋಗಿ ಮಗನಿಗಿಷ್ಟದ ಸಿಹಿ ತೊಡದೇವಿಗೆ ಅಕ್ಕಿ ನೆನೆಹಾಕುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಫೋನಿದೆ, ಯಾರು ಎಲ್ಲಿದ್ದಾರೆಂದು ಕೂತಲ್ಲೇ ಗೊತ್ತಾಗುತ್ತದೆ. ಆ ಮೌನದಷ್ಟು ಸಿಹಿಯಾದ ಸುದ್ದಿಯನ್ನು ನಾನಂತೂ ಮತ್ತೆ ಕೇಳಿಲ್ಲ.

ಆಮೇಲೆ ಮಗಳು ಹುಟ್ಟಿದಳು. ನನಗೆ ಅಮ್ಮ ಇರಲಿಲ್ಲವಾದ್ದರಿಂದ ಬಾಣಂತನ ಅತ್ತೆಯದೇ. ಹನ್ನೆರಡನೇ ದಿನಕ್ಕೆ ನಾಮಕರಣ ಗೊತ್ತಾಯಿತು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವನು ಅಪ್ಪ. ಹೆಸರನ್ನು ಇವರೇ ಆರಿಸಿದ್ದರು, ಎರಡೇ ಅಕ್ಷರದ್ದು. "ಏನೇ ಆದರೂ ಆ ಹೊತ್ತಿಗೆ ನಾನಿರ್ತೇನೆ. ನನ್ನ ಮಗಳಿಗೆ ಹೆಸರು ಬೇರೆಯವರು ಹೇಳೋದು ಬೇಡ" ಎಂದಿದ್ದರು. ರಜೆಯೂ ಸಿಕ್ಕಿತ್ತು. ಆದರೆ ಅಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟ ಸಮಯ. ಊರಿಗೆ ಹೊರಟವರ ಜಾತ್ರೆ, ದುಡ್ಡು ಕೊಟ್ಟರೂ ಟಿಕೆಟ್ ಇಲ್ಲ.

ಎರಡು ದಿನ ಮೊದಲೇ ಬರಬೇಕಾಗಿದ್ದ ರಿಂಗು ಬರಲಿಲ್ಲ. ಮುನ್ನಾದಿನ ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಫೋನು ಬಾರಿಸಿತು. ಅತ್ತೆ ಎಣ್ಣೆಗೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತರು. ಒಂದು. ಎರಡು. ನಿಲ್ಲು ಮಾರಾಯ, ನಿಲ್ಲು ಎಂದು ಬೇಡಿಕೊಂಡೆ.

ಮೂರನೆಯದು ಬಾರಿಸಿತು.

ನನ್ನಿಂದ ಏಳಲಾಗಲಿಲ್ಲ. ಅತ್ತೆಯೇ ಎದ್ದು ಹೋಗಿ ಎತ್ತಿದರು. ಇವರ ದನಿ ನನಗೂ ಕೇಳುತ್ತಿತ್ತು.

"ಆಯಿ, ಸೀಟು ಸಿಕ್ಕಿದ್ದಿಲ್ಲೆ. ಎಲ್ಲ ವಿಮಾನನೂ ಭರ್ತಿ. ಈಗ ಸಿಕ್ಕಿದ್ರೂ ನಾಳೆ ಮುಹೂರ್ತಕ್ಕೆ ಮುಟ್ಟದಿಲ್ಲೆ." ದನಿ ಒಡೆಯಿತು.

"ಅಳಡ ತಮಾ," ಎಂದರು ಅತ್ತೆ. "ನಾಳೆ ಮುಹೂರ್ತದ ಹೊತ್ತಿಗೆ ಫೋನ್ ಮಾಡು. ಆನು ಮೊದ್ಲ ರಿಂಗಿಗೇ ಎತ್ತತೆ."

ಮರುದಿನ ಸಿದ್ದಾಪುರದಿಂದ ಬಂದ ಭಟ್ಟರಿಗೆ ವಿಷಯ ಗೊತ್ತಾಗಿ ಕಸಿವಿಸಿಯಾಯಿತು. "ಅಮ್ಮ, ಫೋನಲ್ಲಿ ಹೆಸ್ರು ಹೇಳದು ಯಾವ ಪದ್ಧತೀಲೂ ಇಲ್ಲೆ. ಕೂಸಿನ ದೊಡ್ಡಪ್ಪ ಇಲ್ಲೇ ಇದ್ನಲಾ, ಅವ ಹೇಳ್ಲಿ."

"ಅಪ್ಪನ ಬಾಯಿಂದ ಹೆಸ್ರು ಕೇಳವು ಹೇಳಿ ಅಲ್ದಾ ಪದ್ಧತಿ? ಬಾಯಿ ಎಲ್ಲಿರವು ಹೇಳಿ ಬರದ್ದಾ? ನಿಂಗ ಮಂತ್ರ ಹೇಳಿ, ಉಳದ್ದು ಯಂಗೆ ಬಿಡಿ." ಅತ್ತೆಯ ದನಿಗೆ ಮಣಿದು ಭಟ್ಟರು ಮಂತ್ರ ಮುಂದುವರಿಸಿದರು.

ಫೋನಿನ ವಯರು ತೊಟ್ಟಿಲ ತನಕ ಬರುತ್ತಿರಲಿಲ್ಲ. ಅದಕ್ಕೆ ಅತ್ತೆ ಮಗುವನ್ನೆತ್ತಿಕೊಂಡು ಫೋನಿನ ಪಕ್ಕ ಮಣೆ ಹಾಕಿ ಕೂತಿದ್ದರು. ಮೊದಲ ರಿಂಗು ಪೂರ್ತಿ ಆಗಲೂ ಬಿಡಲಿಲ್ಲ. ಎಷ್ಟು ದಿನದ ಆಸೆಯೋ! "ಬಾ ತಮಾ, ಹೇಳು" ಎಂದು ರಿಸೀವರನ್ನು ಮಗುವಿನ ಬಲಗಿವಿಗೆ ಹಿಡಿದರು. ನನಗೆ ಬರೀ ಗೊರಗೊರ ಕೇಳಿಸಿತು. ಮಗು ಒಮ್ಮೆ ಸೀನಿತು. ನಾಮಕರಣಕ್ಕೆ ಬಂದಿದ್ದ ಹೆಂಗಸರೆಲ್ಲ ನಕ್ಕರು. ನನಗೆ ಅಳು ಬಂತು. ಜೊತೆಗೆ ಸಿಟ್ಟೂ ಬಂತು, ಆ ವಿಮಾನದ ಮೇಲೆ, ಅದರೊಳಗೆ ಹಾಯಾಗಿ ಕೂತು ಬರುವ ಅಷ್ಟೂ ಜನರ ಮೇಲೆ.

"ಇನ್ನೊಂದು ಕಿವೀಲೂ ಹೇಳ್ಸಿಬಿಡಿ," ಎಂದರು ಭಟ್ಟರು, ಈಗ ಅವರಿಗೂ ಹುರುಪು ಬಂದಿತ್ತು.

"ಸಾಕು," ಎಂದವರೇ ಅತ್ತೆ ಫೋನು ಇಟ್ಟುಬಿಟ್ಟರು. ಮಗನಿಗೆ ಬಿಲ್ಲು ಏರುತ್ತದೆಂಬ ಹೆದರಿಕೆ ಇರಬೇಕು ಅಂದುಕೊಂಡೆ. ನನಗೆ ಅವರ ಮೇಲೂ ಮುನಿಸಾಯಿತು.

ಎರಡು ದಿನ ಕಳೆದು, ಮಧ್ಯಾಹ್ನ, ಬಸ್ಸು ಸಿಗದಾಗ ಇವರನ್ನು ಮನೆ ಮುಟ್ಟಿಸುತ್ತಿದ್ದ ಯಲ್ಲಾಪುರದ ಟ್ಯಾಕ್ಸಿ ಭಾಯ್ ಅವರ ಜೀಪು ಮನೆ ಮುಂದೆ ನಿಂತಿತು. ಫೋನೇ ಬಂದಿರಲಿಲ್ಲ. ಕೊನೇ ಗಳಿಗೆಯಲ್ಲಿ ಕಾಕ್‌ಪಿಟ್ಟಿನ ಹಿಂಬದಿಯ ಮಡಚುವ ಸೀಟು ಕೊಟ್ಟರಂತೆ. ಇವರು ಯೂನಿಫಾರ್ಮಿನಲ್ಲೇ ಓಡಿ ಹತ್ತಿದ್ದರಂತೆ.

"ಸಾಬ್ರು ದಾರಿ ತುಂಬಾ ಕಣ್ಣು ಮುಚ್ಚಿಲ್ರೀ ಭಾಭಿ," ಎಂದರು ಭಾಯ್ ಚೀಲ ಇಳಿಸುತ್ತಾ. "ಜೋರಾಗಿ ಹೊಡಿ, ಜೋರಾಗಿ ಹೊಡಿ ಅಂತಾರೆ. ಇದು ಜೀಪು ಸಾಬ್, ಇದಕ್ಕೆ ರೆಕ್ಕೆ ಇಲ್ಲ ಅಂದೆ."

ಇವರು ನಗಲಿಲ್ಲ. ಒಳಗೆ ಬಂದು ತೊಟ್ಟಿಲಿನಿಂದ ಮಾರು ದೂರದಲ್ಲೇ ನಿಂತರು. ಅತ್ತೆ ಕೊಟ್ಟ ಮಜ್ಜಿಗೆ ಲೋಟ ಕೈಯಲ್ಲೇ ಇತ್ತು.

"ಎಲ್ಲಾ ಮುಗದೋತು ಅಲ್ದಾ ಆಯಿ? ಆನು ಫೋನಲ್ಲಿ ಹೇಳಿದ್ದು ಅದಕ್ಕೆ ಕೇಳಿತ್ತೋ ಇಲ್ಯೋ," ಎಂದರು.

"ಎಲ್ಲಿ ಮುಗದ್ದು? ಬಲಗಿವಿ ಒಂದು ಆಯ್ದು. ಎಡಗಿವಿ ನಿಂಗೆ ಬೇಕು ಹೇಳಿ ಹಂಗೇ ಇಟ್ಟಿದ್ದೆ. ಕೈಕಾಲು ತೊಳ್ಕಂಡು ಬಾ."

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ, ತೊಟ್ಟಿಲ ಮೇಲಿನ ಬಟ್ಟೆ ಸರಿಸುತ್ತಿದ್ದರು.

ಇವರು ತೊಳೆದ ಕೈಯನ್ನು ಯೂನಿಫಾರ್ಮಿಗೇ ಒರೆಸಿಕೊಂಡು ಬಂದು, ಮಂಡಿಯೂರಿ, ಮಗುವಿನ ಎಡಗಿವಿಯ ಹತ್ತಿರ ಬಾಗಿದರು. ಎರಡಕ್ಷರದ ಹೆಸರು ಹೇಳಲು ಎಷ್ಟು ಹೊತ್ತು ಬೇಕು? ಇವರು ತಲೆ ಎತ್ತಲೇ ಇಲ್ಲ. ಏನೇನು ಹೇಳಿದರೋ, ನಾನು ಇವತ್ತಿನವರೆಗೂ ಕೇಳಿಲ್ಲ. ಕೊನೆಗೆ ಎದ್ದಾಗ ಮಗುವಿನ ಕಿವಿ ಒದ್ದೆಯಾಗಿತ್ತು. ಅತ್ತೆ ಸೆರಗಿನ ತುದಿಯಿಂದ ಅದನ್ನು ಒರೆಸಿದರು.